ಬುಕಾನನ್ ದಿನಚರಿಯ ಆ ಇಬ್ಬರು ಸಕ್ಕರೆಯವರು ಯಾರು?

ನಂದಿ ತಪ್ಪಲು (ಚಿಕ್ಕಬಳ್ಳಾಪುರ):
ಎಲ್ಲರ ಅಭಿಪ್ರಾಯ ಬೇಕು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರು ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಮೈಸೂರು ಸೀಮೆಯೆಲ್ಲ ಸುತ್ತಿದ. ತಾರೀಖು ಹಾಕಿ ಬರೆದ ದಿನಚರಿ ಅದು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ನಮ್ಮೂರಿಗೆ ಬಂದಾಗ ಸಕ್ಕರೆ ಬಗ್ಗೆ ಬರೆದಿದ್ದಾನೆ. ಇಲ್ಲಿಯ ಕಲ್ಲುಸಕ್ಕರೆ ಚೀನಾದ್ದಕ್ಕೆ ಸಮ, ಬಿಳಿ ಸಕ್ಕರೆಯೂ ಚೆನ್ನಾಗಿದೆ. ಈ ವಿದ್ಯೆಯನ್ನು ಸುಲ್ತಾನ ಶ್ರೀರಂಗಪಟ್ಟಣಕ್ಕೆ ತರಿಸಿ ಗುಟ್ಟಾಗಿ ಇಟ್ಟಿದ್ದ, ಈ ಊರಿನ ಇಬ್ಬರು ಬ್ರಾಹ್ಮಣರು ಅದನ್ನು ಕಲಿತುಕೊಂಡರು, ಅವರೂ ಗುಟ್ಟು ಬಿಡುವುದಿಲ್ಲ ಅಂತ. ಅಷ್ಟೇ. ಹೆಸರಿಲ್ಲ.

ನಮ್ಮ ಬೀದಿಯವರು ಸೇರಿ ಊರಿನ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡುತ್ತಿದ್ದೇವೆ. ನನ್ನ ತಾಯಿಯ ತವರಿನಲ್ಲಿ "ನಮ್ಮ ಹಿರೀಕರು ಸಕ್ಕರೆ ಬೇಯಿಸುತ್ತಿದ್ದರು" ಅನ್ನುವ ಮಾತು ಮೊದಲಿಂದ ಇದೆ. ಅಟ್ಟದ ಮೇಲೆ ಒಂದು ಕಡತ (ಬಟ್ಟೆಯನ್ನು ಮಡಿಸಿ ಮಾಡಿದ ಹಳೇ ಲೆಕ್ಕದ ಪುಸ್ತಕ) ಸಿಕ್ಕಿದೆ. ಅದರಲ್ಲಿ ಬೆಲ್ಲದ ಲೆಕ್ಕ ಇದೆ, ಆ ಹಿರೀಕರ ಹೆಸರಿದೆ, ರೌದ್ರಿ ಸಂವತ್ಸರ ಅಂತಲೂ ಇದೆ. 1800 ರೌದ್ರಿಯೇ. ಆ ಇಬ್ಬರಲ್ಲಿ ಒಬ್ಬರು ಇವರೇ ಅಂತ ಹಾಕಬಹುದು ಅಲ್ವಾ?

ಕೋಲಾರ ಕೋಟೆ:
ಹಾಕಿ ಅಕ್ಕ. ಇನ್ನೇನು ಬೇಕು? ಊರು ಸರಿ, ಕಸುಬು ಸರಿ, ವರ್ಷ ಸರಿ, ಮನೆಯಲ್ಲಿ ಮಾತೂ ಇದೆ.

ಮಧುಗಿರಿ ಕಡತ:
ಸ್ವಲ್ಪ ತಡೆಯಿರಿ. ರೌದ್ರಿ 60 ವರ್ಷಕ್ಕೊಮ್ಮೆ ಬರುತ್ತದೆ. 1800-01 ರೌದ್ರಿ, 1860-61 ಕೂಡ ರೌದ್ರಿ. ಕಡತದಲ್ಲಿ ಶಕವರ್ಷ ಇಲ್ಲದಿದ್ದರೆ ಯಾವ ರೌದ್ರಿ ಅಂತ ಹೇಗೆ ಹೇಳುತ್ತೀರಿ? ಇದರ ಜೊತೆಗೆ ನಮ್ಮ ಕಡೆ ತಾತನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ. 60 ವರ್ಷ ಅಂದರೆ ಹೆಚ್ಚುಕಡಿಮೆ ಎರಡು ತಲೆಮಾರು. ಅಂದರೆ 1800ರ ರೌದ್ರಿಯಲ್ಲಿ ತಾತ ಬದುಕಿದ್ದ, 1860ರ ರೌದ್ರಿಯಲ್ಲಿ ಅದೇ ಹೆಸರಿನ ಮೊಮ್ಮಗ ಬದುಕಿದ್ದ. ಹೆಸರೂ ಅದೇ, ಸಂವತ್ಸರವೂ ಅದೇ, ಊರೂ ಅದೇ, ಮನುಷ್ಯ ಬೇರೆ. ಹಳೇ ಕಾಗದ ನೋಡುವವರು ಜಾಸ್ತಿ ಮುಗ್ಗರಿಸುವುದು ಇಲ್ಲೇ.

ಕಡತದ ಇನ್ನೊಂದು ಗುಣವೂ ನೆನಪಿರಲಿ. ಬಟ್ಟೆಗೆ ಹುಣಸೆ ಬೀಜದ ಗಂಜಿ, ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದು. ಬಟ್ಟೆ 1800ರದ್ದೇ ಆಗಿದ್ದರೂ ಮೇಲಿನ ಬರಹ ಆಮೇಲಿನದ್ದು ಇರಬಹುದು.

ಕ್ಯಾತ್ಸಂದ್ರ ಮೇಷ್ಟ್ರು:
ಮಧುಗಿರಿಯವರು ಹೇಳಿದ್ದು ನನಗೆ ತುಂಬಾ ಹಿಡಿಸಿತು, ಯಾಕೆಂದರೆ ಇದೇ ತೊಡಕು ಸಾವಿರಾರು ಮೈಲಿ ಆಚೆಯೂ ಇದೆ. ನಾನು ಇಂಗ್ಲಿಷ್ ಪಾಠ ಮಾಡಿದವನು, ಸ್ಯಾಮ್ಯುಯಲ್ ಪೀಪ್ಸ್ ದಿನಚರಿಯನ್ನು ನಿವೃತ್ತಿ ಆದಮೇಲೆ ಮತ್ತೆ ಹಿಡಿದಿದ್ದೇನೆ. ಲಂಡನ್ನಿನ ನೌಕಾ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವನು, 1660ರ ಜನವರಿ 1ರಿಂದ 1669ರ ಮೇ 31ರವರೆಗೆ ಶೀಘ್ರಲಿಪಿಯಲ್ಲಿ ಬರೆದ. ಅದರಲ್ಲಿ ರಾಜನೂ ಬರುತ್ತಾನೆ, ಗುಮಾಸ್ತನೂ ಬರುತ್ತಾನೆ, ಅಂಗಡಿಯವಳೂ ಬರುತ್ತಾಳೆ. ರಾಜನಿಗೆ ಅಡಿಟಿಪ್ಪಣಿ ಬೇಡ. ಒಂದೇ ಸಲ ಬಂದು ಹೋಗುವ ಒಬ್ಬ ನೆಂಟ ಯಾರು ಅಂತ ಕಂಡುಹಿಡಿಯುವುದೇ ಕಷ್ಟ. ವಿದ್ವಾಂಸರು ಚರ್ಚಿನ ಮದುವೆ, ದೀಕ್ಷಾಸ್ನಾನ, ಶವಸಂಸ್ಕಾರದ ಪುಸ್ತಕ ತೆಗೆಯುತ್ತಾರೆ, ಉಯಿಲು ನೋಡುತ್ತಾರೆ, ಮನೆಯ ಒಲೆ ಎಣಿಸಿ ಹಾಕುತ್ತಿದ್ದ ತೆರಿಗೆಯ ಪಟ್ಟಿ ನೋಡುತ್ತಾರೆ.

ಅಲ್ಲೂ ವರ್ಷದ ಬಲೆ ಇದೆ. ಆಗ ಇಂಗ್ಲೆಂಡಿನಲ್ಲಿ ಲೆಕ್ಕದ ವರ್ಷ ಮಾರ್ಚ್ 25ಕ್ಕೆ ಶುರು. ಚರ್ಚಿನ ಪುಸ್ತಕದಲ್ಲಿ 1663ರ ಫೆಬ್ರವರಿ ಅಂತ ಇದ್ದರೆ ಅದು ನಮ್ಮ ಲೆಕ್ಕಕ್ಕೆ 1664. ಗೊತ್ತಿಲ್ಲದವರು ಮದುವೆಗೆ ಮುಂಚೆ ಮಗು ಹುಟ್ಟಿಸಿಬಿಡುತ್ತಾರೆ, ಸತ್ತವನನ್ನು ಮುಂದಿನ ವರ್ಷ ಊಟಕ್ಕೆ ಕೂರಿಸುತ್ತಾರೆ. ಹೆಸರು ಹೊಂದಿತು ಅಂತ ಕೈತೊಳೆದುಕೊಳ್ಳುವ ಹಾಗಿಲ್ಲ. ಆ ವಯಸ್ಸಿನವನು, ಆ ಕಸುಬಿನವನು, ಆ ದಿನ ಆ ಜಾಗದಲ್ಲಿ ಇರಲು ಸಾಧ್ಯ ಇದ್ದವನು ಅಂತ ಬೇರೆ ಬೇರೆ ಕಡೆಯಿಂದ ಗೊತ್ತಾಗಬೇಕು.

ಕೋಲಾರ ಕೋಟೆ:
ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ, ಆದರೂ ಇದನ್ನು ನಾನು ಒಪ್ಪುವುದಿಲ್ಲ. ಲಂಡನ್ನಿನಲ್ಲಿ ಬೀದಿಗೊಂದು ಚರ್ಚು, ಚರ್ಚಿಗೊಂದು ಪುಸ್ತಕ. ನಮಗೆ ಆ ಕಾಲದ ಹುಟ್ಟು-ಸಾವಿನ ಪುಸ್ತಕ ಎಲ್ಲಿದೆ? ಮೈಸೂರು ಸೀಮೆಯಲ್ಲಿ ಸರಿಯಾದ ಜನಗಣತಿಯೇ 1871ರಲ್ಲಿ. ಅವರ ಅಳತೆಗೋಲು ತಂದು ಇಲ್ಲಿ ಹಿಡಿದರೆ ಹೆಸರು ಉಳಿಯುವುದು ದಿವಾನ್ ಪೂರ್ಣಯ್ಯನದ್ದು, ಅಮಲ್ದಾರನದ್ದು ಮಾತ್ರ. ಕಸುಬು ಮಾಡಿದವನ ಹೆಸರು ಯಾವತ್ತೂ ಸಿಗುವುದಿಲ್ಲ. ಎತ್ತಿನ ಮೇಲೆ ಬರುವ ಹೆಳವರು ಒಂದೊಂದು ಮನೆತನದ ತಲೆಮಾರುಗಳನ್ನು ಬಾಯಲ್ಲೇ ಹೇಳುತ್ತಾರೆ. ಅದು ದಾಖಲೆ ಅಲ್ವಾ? ಬುಕಾನನ್ ಬರೆದದ್ದು ಮಾತ್ರ ಏನು? ಅವನಿಗೆ ಕನ್ನಡ ಬರುತ್ತಿರಲಿಲ್ಲ. ಯಾರೋ ಹೇಳಿದರು, ದುಭಾಷಿ ತಿರುಗಿಸಿದ, ಇವನು ಬರೆದುಕೊಂಡ. ಅದೂ ಬಾಯಿಮಾತೇ, ಇಂಗ್ಲಿಷಿನಲ್ಲಿ ಅಚ್ಚಾಗಿದೆ ಅಷ್ಟೇ.

ಮುಳಬಾಗಿಲು ಓದುಗಿ:
ಕೋಟೆಯವರ ಕೊನೆಯ ಮಾತು ಸರಿ. ಆ ದುಭಾಷಿಯ ಪಾತ್ರದ ಬಗ್ಗೆ ನಾವು ಇನ್ನೂ ಜಾಸ್ತಿ ಮಾತಾಡಬೇಕು. ಅದೇ ವರ್ಷಗಳಲ್ಲಿ ಕರ್ನಲ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಮಾಡುತ್ತಿದ್ದ. ಅವನ ಕೈಕೆಳಗಿದ್ದ ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ, ಇವರ ಹೆಸರು ನಮಗೆ ಚೆನ್ನಾಗಿ ಗೊತ್ತು. ಬೋರಯ್ಯ 1803ರಲ್ಲಿ ತೀರಿಕೊಂಡರು, ತಮ್ಮ ಕೆಲಸ ಮುಂದುವರಿಸಿದರು. ಊರೂರಿನ ಶಾನುಭೋಗರನ್ನು, ಹಿರಿಯರನ್ನು ಕೇಳಿ ಕೈಫಿಯತ್ತು, ಅಂದರೆ ಆಯಾ ಊರಿನ ವೃತ್ತಾಂತ, ಬರೆಸಿದರು. ಅವುಗಳಲ್ಲಿ ಎಷ್ಟೋ ಈಗ ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿವೆ. ಒಂದೇ ಸೀಮೆ, ಒಂದೇ ಕಾಲ. ಹಾಗಾಗಿ ಬುಕಾನನ್‌ನಲ್ಲಿ ಹೆಸರಿಲ್ಲದವರನ್ನು ಹುಡುಕುವಾಗ ಬುಕಾನನ್ ಒಬ್ಬನನ್ನೇ ತಿರುವಿ ಹಾಕುತ್ತಾ ಕೂರುವುದಕ್ಕಿಂತ ಆ ಕೈಫಿಯತ್ತುಗಳ ಕಡೆ ಹೋಗಬೇಕು.

ಇನ್ನೊಂದು ಮಾತು. ಮೇಷ್ಟ್ರು ಪೀಪ್ಸ್ ಹೆಸರು ತೆಗೆದರು. ಅವನ ದಿನಚರಿಯಲ್ಲಿ ಬಾಗ್ವೆಲ್ ಅನ್ನುವ ಹಡಗಿನ ಬಡಗಿಯ ಹೆಂಡತಿ ಎಷ್ಟು ಸಲ ಬರುತ್ತಾಳೆ! ಗಂಡನಿಗೆ ಒಳ್ಳೆಯ ಕೆಲಸ ಕೊಡಿಸಿ ಅಂತ ಕೇಳಲು ಬಂದವಳನ್ನು ಇವನು ಹೇಗೆ ಬಳಸಿಕೊಂಡ ಅನ್ನುವುದನ್ನು ಅವನೇ ಬರೆದಿದ್ದಾನೆ. ಅವಳ ಸ್ವಂತ ಹೆಸರನ್ನು ಒಂದು ಸಲವೂ ಬರೆದಿಲ್ಲ. ಗಂಡ ವಿಲಿಯಂ, ಅವನ ಹೆಸರು ಗೊತ್ತು. ಅವಳು "ಬಾಗ್ವೆಲ್‌ನ ಹೆಂಡತಿ". ನಮ್ಮ ವಂಶವೃಕ್ಷಗಳೂ ಹೀಗೇ ಇವೆ, ಗಂಡಸರ ಹೆಸರೇ ಸಾಲಾಗಿ ಇಳಿಯುತ್ತದೆ.

ಕ್ಯಾತ್ಸಂದ್ರ ಮೇಷ್ಟ್ರು:
ನಿಜ ಕಣಮ್ಮ. ಅದಕ್ಕೇ ಡೆಬ್ ವಿಲೆಟ್ ವಿಷಯ ಹೇಳಬೇಕು. ಪೀಪ್ಸ್ ಹೆಂಡತಿಯ ಸಹಾಯಕ್ಕೆ ಅಂತ 1667ರಲ್ಲಿ ಮನೆಗೆ ಬಂದ ಹುಡುಗಿ. ಮರುವರ್ಷ ಅಕ್ಟೋಬರಿನಲ್ಲಿ ಪೀಪ್ಸ್ ಅವಳ ಜೊತೆ ಇದ್ದದ್ದನ್ನು ಹೆಂಡತಿ ಕಂಡಳು, ಹುಡುಗಿ ಮನೆ ಬಿಡಬೇಕಾಯಿತು. ದಿನಚರಿ ನಿಂತ ಮೇಲೆ ಅವಳೇನಾದಳು ಅಂತ ಬಹಳ ಕಾಲ ಗೊತ್ತಿರಲಿಲ್ಲ. ಈಚೆಗೆ ಸಂಶೋಧಕರು ಹುಡುಕಿದರು. 1670ರಲ್ಲಿ ಜೆರೆಮಯಾ ವೆಲ್ಸ್ ಅನ್ನುವ ಪಾದ್ರಿಯನ್ನು ಮದುವೆಯಾಗಿದ್ದಳು. ನನಗೆ ಅದು ಬರೀ ಅಡಿಟಿಪ್ಪಣಿ ಅಲ್ಲ. ಅಲ್ಲಿಯವರೆಗೆ ಅವಳು ಪೀಪ್ಸ್ ಕಥೆಯ ಒಂದು ಪ್ರಸಂಗ ಮಾತ್ರ ಆಗಿದ್ದಳು. ಮದುವೆಯ ದಾಖಲೆ ಸಿಕ್ಕಮೇಲೆ ಅವಳಿಗೆ ಅವಳದೇ ಬದುಕು ಇತ್ತು ಅಂತಾಯಿತು.

ಹೀಗಾಗಿ ಕೋಟೆಯವರೇ, ದಾಖಲೆ ಕೇಳುವುದು ಸಣ್ಣವರನ್ನು ಹೊರಗಿಡಲು ಅಂತ ತಿಳಿಯಬೇಡಿ. ತಪ್ಪು ಗುರುತು ಹಚ್ಚಿದರೆ ನಿಜವಾದ ಆ ಮನುಷ್ಯ ಎರಡನೇ ಸಲ ಕಳೆದುಹೋಗುತ್ತಾನೆ. ಅಚ್ಚಾದ ಮೇಲೆ ಇನ್ನು ಯಾರೂ ಹುಡುಕುವುದಿಲ್ಲ.

ಶಿರಾ ಸೀಮೆ:
ಎಲ್ಲರೂ ಇಬ್ಬರು ಬ್ರಾಹ್ಮಣರನ್ನೇ ಹಿಡಿದುಕೊಂಡಿದ್ದೀರಿ. ಸಕ್ಕರೆ ಇಬ್ಬರಿಂದ ಆಗುತ್ತದಾ? ಕಬ್ಬು ಬೆಳೆದವರು, ಗಾಣ ಹೊಡೆದವರು, ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರು, ಮಡಕೆ ಮಾಡಿಕೊಟ್ಟ ಕುಂಬಾರರು? ತಳದಲ್ಲಿ ತೂತಿರುವ ಮಡಕೆಗೆ ಪಾಕ ಸುರಿದು, ಗಟ್ಟಿಯಾದ ಮೇಲೆ ಒದ್ದೆ ಜೇಡಿಮಣ್ಣು ಹಚ್ಚಿ, ಅದರ ನೀರು ನಿಧಾನ ಇಳಿದು ಕಾಕಂಬಿ ತೊಳೆದುಕೊಂಡು ಹೋಗುವ ತನಕ ಕಾಯಬೇಕು. ಬಿಳಿ ಸಕ್ಕರೆ ಆಗುತ್ತಿದ್ದದ್ದು ಹಾಗೆ. ಅಷ್ಟು ಜನರ ನಡುವೆ ಗುಟ್ಟು ಇಬ್ಬರಲ್ಲೇ ಉಳಿದಿತ್ತು ಅನ್ನುವುದನ್ನು ನಾನು ಪೂರ್ತಿ ನಂಬುವುದಿಲ್ಲ. ಬುಕಾನನ್‌ಗೆ ಹಾಗೆ ಹೇಳಿದವರು ಯಾರು ಅನ್ನುವುದೂ ಒಂದು ಪ್ರಶ್ನೆ.

ಮಧುಗಿರಿ ಕಡತ:
ಶಿರಾದವರು ಹೇಳಿದ್ದರಲ್ಲಿ ನಮಗೆ ಬೇಕಾದ ಸುಳಿವೂ ಇದೆ. ಬುಕಾನನ್ ಮಾತನ್ನೇ ಬಿಡಿಸಿ ನೋಡಿ. ವಿದ್ಯೆ ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ಕೋಟೆ ಬಿದ್ದದ್ದು 1799ರ ಮೇನಲ್ಲಿ. ಮರುವರ್ಷ ಇವನು ಬರುವಷ್ಟರಲ್ಲಿ ಇಲ್ಲಿ ಚೀನಾದ್ದಕ್ಕೆ ಸಮನಾದ ಕಲ್ಲುಸಕ್ಕರೆ ಆಗುತ್ತಿದೆ. ಅಷ್ಟು ಬೇಗ ಆ ಮಟ್ಟ ಬರಬೇಕಾದರೆ ಅವರಿಗೆ ಶ್ರೀರಂಗಪಟ್ಟಣದ ನಂಟು ಮೊದಲೇ ಇದ್ದಿರಬೇಕು. ಅಲ್ಲಿ ಕೆಲಸ ಇರಬಹುದು, ನೆಂಟರಿರಬಹುದು, ವ್ಯಾಪಾರ ಇರಬಹುದು. ಹಾಗಾಗಿ ಅಕ್ಕ, ನಿಮ್ಮ ಮನೆಯ ಮಾತಿನಲ್ಲಿ ಪಟ್ಟಣದ ಸುದ್ದಿ ಏನಾದರೂ ಬರುತ್ತದಾ? ಬಂದರೆ ಅದು ಹೆಸರಿಗಿಂತ ದೊಡ್ಡ ಆಧಾರ.

ಎರಡನೇದು, ಲೆಕ್ಕ ಯಾವುದರಲ್ಲಿದೆ? 1800ರಲ್ಲಿ ಕಂಠೀರಾಯ ವರಹ, ಹಣ ಅನ್ನುವ ನಾಣ್ಯಗಳು. ಬುಕಾನನ್ ಕೂಡ ಬೆಲೆಗಳನ್ನು ಹಣದಲ್ಲೇ ಕೊಡುತ್ತಾನೆ. 1860ರ ಹೊತ್ತಿಗೆ ರೂಪಾಯಿ, ಆಣೆ.

ನಂದಿ ತಪ್ಪಲು:
ಈಗಲೇ ತೆಗೆದು ನೋಡಿದೆ. ಎರಡು ಮಡಿಕೆಯಲ್ಲಿ "ಹಣ" ಅಂತ ಸ್ಪಷ್ಟವಾಗಿದೆ. ರೂಪಾಯಿ ಅಂತ ಎಲ್ಲೂ ಕಾಣಲಿಲ್ಲ. ಒಂದು ಬದಿ ಮಾಸಿಹೋಗಿದೆ. ಪಟ್ಟಣದ ಬಗ್ಗೆ ಅಮ್ಮನನ್ನು ಕೇಳಿದೆ. "ಅವರು ಪಟ್ಟಣ ಬಿಟ್ಟು ಬಂದವರು ಅಂತ ನಮ್ಮಜ್ಜಿ ಹೇಳುತ್ತಿದ್ದರು" ಅಂದರು. ಯಾವ ಪಟ್ಟಣ ಅಂತ ಅವರಿಗೆ ಗೊತ್ತಿಲ್ಲ.

ಕೋಲಾರ ಕೋಟೆ:
ನೋಡಿದಿರಾ! ಬಾಯಿಮಾತಿನಲ್ಲೇ ಸುಳಿವು ಸಿಕ್ಕಿತು. ಆ ಕಾಲದವರು ಪಟ್ಟಣ ಅಂದರೆ ಶ್ರೀರಂಗಪಟ್ಟಣವೇ.

ಮುಳಬಾಗಿಲು ಓದುಗಿ:
ಇರಬಹುದು. ಆದರೆ ಈಗ ನಾವು ಕೇಳಿದ ಮೇಲೆ ಬಂದ ಉತ್ತರ ಅದು, ಅದನ್ನೂ ಬರೆದಿಡಬೇಕು. ಅಕ್ಕ, ಒಂದು ಕೆಲಸ ಮಾಡಿ. ನಿಮ್ಮ ಅಮ್ಮನ ಕಡೆ ಇನ್ನೂ ಒಂದಿಬ್ಬರು ಹಿರಿಯರಿದ್ದರೆ, ಸಕ್ಕರೆ, ಬುಕಾನನ್, ಪಟ್ಟಣ ಯಾವುದನ್ನೂ ಹೇಳದೆ "ನಮ್ಮವರು ಎಲ್ಲಿಂದ ಬಂದರು, ಏನು ಮಾಡುತ್ತಿದ್ದರು" ಅಂತ ಅಷ್ಟೇ ಕೇಳಿ. ಅವರು ತಾವಾಗೇ ಹೇಳಿದರೆ ಅದಕ್ಕೆ ತೂಕ ಬೇರೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಮಧುಗಿರಿ ಕಡತ:
ಹೌದು. "ಹಣ" ಇರುವುದು 1800ರ ಕಡೆಗೇ ವಾಲುತ್ತದೆ, ಆದರೆ ಆಮೇಲೂ ಕೆಲವರು ಮನೆಯ ಲೆಕ್ಕವನ್ನು ಹಳೇ ರೂಢಿಯಲ್ಲಿ ಬರೆದಿರಬಹುದು. ಖಚಿತ ಮಾಡಲು ಒಂದು ದಾರಿ ಇದೆ. ಕಡತದಲ್ಲಿ ಮಾಸ, ತಿಥಿ, ವಾರ ಮೂರೂ ಇದ್ದರೆ ಶಾಸನ ಓದುವವರು ಮಾಡುವ ಹಾಗೆ ಲೆಕ್ಕ ಹಾಕಬಹುದು. ಆ ತಿಥಿ 1800ರಲ್ಲಿ ಯಾವ ವಾರ ಬಿತ್ತು, 1860ರಲ್ಲಿ ಯಾವ ವಾರ ಬಿತ್ತು ಅಂತ ನೋಡುವುದು. ಎರಡೂ ಒಂದೇ ವಾರ ಬೀಳುವ ಸಾಧ್ಯತೆ ಏಳರಲ್ಲಿ ಒಂದು ಭಾಗ. ಬೇರೆ ಬೇರೆ ಬಿದ್ದರೆ ಅಲ್ಲಿಗೆ ಮುಗಿಯಿತು, ಯಾವ ರೌದ್ರಿ ಅಂತ ಗೊತ್ತಾಗುತ್ತದೆ.

ನಂದಿ ತಪ್ಪಲು:
ಶ್ರಾವಣ ಅಂತ ಓದಲು ಬರುತ್ತದೆ, ತಿಥಿಯೂ ಇದೆ. ವಾರ ಮಾತ್ರ ಮೊದಲ ಅಕ್ಷರದ ಹತ್ತಿರ ಉಜ್ಜಿಹೋಗಿದೆ. ಪುಸ್ತಕಕ್ಕೆ ಈಗ ಏನು ಬರೆಯಲಿ? ಅಚ್ಚಿಗೆ ಕೊಡಲು ಜಾಸ್ತಿ ಸಮಯ ಇಲ್ಲ.

ಕ್ಯಾತ್ಸಂದ್ರ ಮೇಷ್ಟ್ರು:
ಬುಕಾನನ್ ಏನು ಹೇಳಿದ ಅಂತ ಒಂದು ಪ್ಯಾರಾ. ನಿಮ್ಮ ಮನೆಯ ಮಾತು ಏನು, ಯಾರು ಯಾರಿಂದ ಕೇಳಿದ್ದು ಅಂತ ಒಂದು ಪ್ಯಾರಾ. ಕಡತದಲ್ಲಿ ಏನಿದೆ ಅಂತ ಒಂದು. ಮೂರನ್ನೂ ಒಂದಕ್ಕೊಂದು ಅಂಟಿಸದೆ ಪಕ್ಕಪಕ್ಕ ಇಡಿ. "ಇವರೇ" ಅನ್ನಬೇಡಿ, "ಇವರಿರಬಹುದು" ಅನ್ನಿ.

ಕೋಲಾರ ಕೋಟೆ:
ಹೆಸರು ಮಾತ್ರ ಬಿಡಬೇಡಿ ಅಕ್ಕ. "ಇರಬಹುದು" ಅಂತಲೇ ಹಾಕಿ, ಆದರೆ ಹೆಸರು ದಪ್ಪಕ್ಷರದಲ್ಲಿ ಇರಲಿ. ಇನ್ನೊಂದು ಮನೆಯವರು ಅದನ್ನು ನೋಡಿ "ಅಲ್ಲ, ನಮ್ಮವರು" ಅಂತ ಜಗಳಕ್ಕೆ ಬಂದರೂ ಒಳ್ಳೆಯದೇ, ಎರಡನೆಯವನು ಸಿಕ್ಕಿದ ಹಾಗಾಯಿತು.

ಶಿರಾ ಸೀಮೆ:
ಕೊಪ್ಪರಿಗೆ ಮುಂದೆ ನಿಂತವರ ಬಗ್ಗೆಯೂ ಒಂದು ಸಾಲು ಬರಲಿ ದಯವಿಟ್ಟು.

ಮಧುಗಿರಿ ಕಡತ:
ಅಕ್ಕ, ಆ ಉಜ್ಜಿದ ಜಾಗದ ಫೋಟೋ ಇಲ್ಲಿ ಹಾಕಿ. ನೀರು, ಎಣ್ಣೆ ಏನೂ ಸವರಬೇಡಿ, ಬಟ್ಟೆಯಲ್ಲೂ ಒರೆಸಬೇಡಿ, ಬಳಪ ಅಳಿಸಿಹೋಗುತ್ತದೆ. ಬೆಳಕು ಪಕ್ಕದಿಂದ ಬೀಳುವ ಹಾಗೆ ಹಿಡಿದು ಮೂರ್ನಾಲ್ಕು ಕೋನದಲ್ಲಿ ತೆಗೆಯಿರಿ. ಸೋಮವೋ ಭೌಮವೋ (ಮಂಗಳವಾರ) ಅನ್ನುವಷ್ಟು ಗೊತ್ತಾದರೂ ಸಾಕು, ಲೆಕ್ಕ ನಾನು ಹಾಕಿ ಹೇಳುತ್ತೇನೆ.