ಫಾರ್ಮ್ ತುಂಬಿದ ಮೇಲೆ ಸಿಗುವ ಫೈಲು ಡೌನ್‌ಲೋಡ್ ಮ್ಯಾನೇಜರ್‌ಗೆ ಯಾಕೆ ಸಿಗಲ್ಲ? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಈ ವಾರ ಉತ್ತರ ಕೊಡುವವರು ನಮ್ಮ ವೆಬ್ ಇಂಜಿನಿಯರ್ ಮೇಡಂ. ವಿಷಯ: ಬ್ರೌಸರ್‌ನಲ್ಲಿ ತುಂಬಿದ ಫಾರ್ಮ್‌ನ ಮಾಹಿತಿಯನ್ನು ಡೌನ್‌ಲೋಡ್ ಮ್ಯಾನೇಜರ್‌ಗೆ (ದೊಡ್ಡ ಫೈಲುಗಳನ್ನು ತುಂಡು ತುಂಡಾಗಿ ಇಳಿಸುವ, ನಿಂತಲ್ಲಿಂದ ಮುಂದುವರಿಸುವ ತಂತ್ರಾಂಶ) ದಾಟಿಸುವುದು. ಕೇಳುವ ಮುಂಚೆ ಮೇಲಿನ ಉತ್ತರ ಓದಿ.

ಕಾಲೇಜು ಮೇಷ್ಟ್ರು: ನಮಸ್ಕಾರ ಮೇಡಂ. ಮಳೆ ಅಂಕಿಅಂಶದ ಒಂದು ತಾಣದಲ್ಲಿ ಜಿಲ್ಲೆ, ವರ್ಷ ಆರಿಸಿ ಬಟನ್ ಒತ್ತಿದರೆ ಜಿಪ್ ಫೈಲ್ ಇಳಿಯುತ್ತದೆ. 2 ಜಿಬಿ ಹತ್ತಿರ ಇದೆ. ಮಧ್ಯೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಅದಕ್ಕೆ ವಿಳಾಸ ಕಾಪಿ ಮಾಡಿ ಮ್ಯಾನೇಜರ್‌ಗೆ ಹಾಕಿದೆ. ಬಂದಿದ್ದು 14 ಕೆಬಿ. ತೆರೆಯುವುದೂ ಇಲ್ಲ.

ಮೇಡಂ: ಆ 14 ಕೆಬಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ ಮೇಷ್ಟ್ರೇ. ನಿಜವಾದ ಜಿಪ್ ಆದರೆ ಶುರುವಿನಲ್ಲೇ ಇಂಗ್ಲಿಷಿನ ಪಿ, ಕೆ ಅಕ್ಷರ ಇರುತ್ತವೆ.

ಕಾಲೇಜು ಮೇಷ್ಟ್ರು: ಇಲ್ಲ. ಎಚ್‌ಟಿಎಂಎಲ್ ಇದೆ. ಅದೇ ಖಾಲಿ ಫಾರ್ಮ್ ಪುಟ!

ಮೇಡಂ: ಹಾಗಾದರೆ ಫಾರ್ಮ್ ಪೋಸ್ಟ್ ವಿಧಾನದ್ದು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ನಿಮ್ಮದು ಒಳ್ಳೇ ಕೇಸು.

ಫಾರ್ಮ್ ಕಳಿಸಲು ಗೆಟ್, ಪೋಸ್ಟ್ ಅಂತ ಎರಡು ವಿಧಾನ. ಗೆಟ್ ವಿಧಾನದಲ್ಲಿ ನೀವು ಆರಿಸಿದ ಜಿಲ್ಲೆ, ವರ್ಷ ಎಲ್ಲ ವಿಳಾಸದಲ್ಲೇ, ಪ್ರಶ್ನಾರ್ಥಕ ಚಿಹ್ನೆಯ ನಂತರ ಕಾಣುತ್ತವೆ. ಪೋಸ್ಟ್‌ನಲ್ಲಿ ಅವು ಕೋರಿಕೆಯ ಒಳಗೆ ಹೋಗುತ್ತವೆ. ನೀವು ಲಕೋಟೆ ಮೇಲಿನ ವಿಳಾಸ ಮಾತ್ರ ನಕಲು ಮಾಡಿದಿರಿ, ಒಳಗಿನ ಕಾಗದ ಅಲ್ಲೇ ಉಳಿಯಿತು. ಮ್ಯಾನೇಜರ್‌ಗೆ ವಿಳಾಸದ ಜೊತೆಗೆ ವಿಧಾನ, ಒಳಗಿನ ಡೇಟಾ, ಕುಕಿ (ತಾಣ ನಿಮ್ಮನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಟ್ಟ ಚೀಟಿ) ಎಲ್ಲ ಬೇಕು. ಕೆಲವು ಸರ್ವರ್ ರೆಫರರ್, ಅಂದರೆ ಯಾವ ಪುಟದಿಂದ ಬಂದಿರಿ ಎಂಬುದನ್ನು ಕೂಡ ನೋಡುತ್ತವೆ. ಮೈಕ್ರೋಸಾಫ್ಟ್‌ನ ಎಎಸ್‌ಪಿ ಡಾಟ್ ನೆಟ್‌ನಲ್ಲಿ ಕಟ್ಟಿದ ತಾಣವಾದರೆ 'ವ್ಯೂಸ್ಟೇಟ್' ಅಂತ ಮಾರುದ್ದದ ಅಡಗಿಸಿದ ಖಾನೆಯೂ ಇರುತ್ತದೆ. ಅದನ್ನು ಕೈಯಲ್ಲಿ ಬರೆಯಲು ಹೋಗಬೇಡಿ.

ಬ್ರೌಸರ್‌ನಲ್ಲಿ ಎಫ್12 ಒತ್ತಿ, ಡೆವಲಪರ್ ಕಿಟಕಿ ತೆರೆಯುತ್ತದೆ. ನೆಟ್‌ವರ್ಕ್‌ಗೆ ಹೋಗಿ, 'ಪ್ರಿಸರ್ವ್ ಲಾಗ್' ಟಿಕ್ ಮಾಡಿ. ಆಮೇಲೆ ಫಾರ್ಮ್ ಬಟನ್ ಒತ್ತಿ. ಪೋಸ್ಟ್ ಸಾಲಿನ ಸ್ಟೇಟಸ್ ನೋಡಿ. 302 ಅಥವಾ 303 ಇದ್ದರೆ ನಿಮ್ಮ ಅದೃಷ್ಟ. ಸರ್ವರ್ ಫಾರ್ಮ್ ತಗೊಂಡು, ಫೈಲಿನ ನಿಜವಾದ ವಿಳಾಸಕ್ಕೆ ಕಳಿಸಿದೆ ಅಂತ ಅರ್ಥ. ಅದರ ಕೆಳಗೇ ಒಂದು ಗೆಟ್ ಸಾಲು ಇರುತ್ತದೆ. ಆ ವಿಳಾಸವನ್ನು ಮ್ಯಾನೇಜರ್‌ಗೆ ಕೊಡಿ.

200 ಇದ್ದು ಫೈಲು ನೇರ ಅಲ್ಲೇ ಬಂದಿದ್ದರೆ, ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಕಾಪಿ ಆಸ್ ಕರ್ಲ್' ಆರಿಸಿ. ಕರ್ಲ್ ಅಂದರೆ ಕಮಾಂಡ್ ಬರೆದು ಫೈಲ್ ಇಳಿಸುವ ಸಾಧನ. ವಿಂಡೋಸ್ ಕ್ರೋಮ್‌ನಲ್ಲಿ ಎರಡು ಬಗೆ ಇರುತ್ತದೆ, ಕಮಾಂಡ್ ಪ್ರಾಂಪ್ಟ್‌ಗೆ ಸಿಎಂಡಿ ಅಂತ ಇರುವುದು. ಕೊನೆಗೆ ಔಟ್‌ಪುಟ್ ಫೈಲಿನ ಹೆಸರು ಸೇರಿಸಿ ಓಡಿಸಿ. ಆದರೆ ಇದರಲ್ಲಿ ನಿಂತಲ್ಲಿಂದ ಮುಂದುವರಿಯುತ್ತದೆ ಅಂತ ಆಸೆ ಇಟ್ಕೋಬೇಡಿ. ಫೈಲಿನ ತುಂಡು ಕೇಳುವ 'ರೇಂಜ್' ಸೌಲಭ್ಯವನ್ನು ಎಚ್‌ಟಿಟಿಪಿ ನಿಯಮ ಗೆಟ್‌ಗೆ ಮಾತ್ರ ಹೇಳಿದೆ. 2022ರ ಆರ್‌ಎಫ್‌ಸಿ 9110 ಎಂಬ ನಿಯಮದ ದಾಖಲೆ ನೋಡಿ. ಬೇಗ ಇಳಿಯಲಿ ಅಂತ ಮ್ಯಾನೇಜರ್‌ನಲ್ಲಿ ಎಂಟು ಕನೆಕ್ಷನ್ ಹಾಕಿದರೆ ಎಂಟು ಸಲ ಫಾರ್ಮ್ ಸಲ್ಲಿಸಿದಂತೆ, ಅಷ್ಟೇ.

ಸೈಬರ್ ಸೆಂಟರ್: ಮೇಡಂ ನಂಗೂ ಲಿಂಕ್ ಹಾಕಿದ್ರೆ ಚಿಕ್ಕ ಫೈಲ್ ಬರ್ತಿದೆ, ಏನ್ ಮಾಡ್ಲಿ?

ಮೇಡಂ: ಮೇಲೆ ಓದಿ.

ದಾವಣಗೆರೆ ಬೆಣ್ಣೆ: ಫೋನ್‌ನಲ್ಲಿ ಹೇಗೆ ಮಾಡೋದು?

ಗುಡ್ ಮಾರ್ನಿಂಗ್ ಅಂಕಲ್: ಬಂದದ್ದು ಹಾಗೇ ಕಳಿಸಿದ್ದೇನೆ 🙏 *ಫೈರ್‌ಫಾಕ್ಸ್‌ಗೆ ಫ್ಲಾಶ್‌ಗಾಟ್ ಹಾಕಿ. ಪೋಸ್ಟ್ ಡೇಟಾ ತಾನಾಗೇ ಮ್ಯಾನೇಜರ್‌ಗೆ ಹೋಗುತ್ತದೆ. ಎಲ್ಲರಿಗೂ ಹಂಚಿ.*

ಮೇಡಂ: ಅಂಕಲ್, ಅದು ಈ ಕೆಲಸ ಚೆನ್ನಾಗಿಯೇ ಮಾಡುತ್ತಿತ್ತು. 2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದು ಹಳೇ ಬಗೆಯ ಎಕ್ಸ್‌ಟೆನ್ಷನ್‌ಗಳನ್ನೆಲ್ಲ ನಿಲ್ಲಿಸಿತು. ಈಗ ಆ ಹೆಸರಲ್ಲಿ ಯಾರಾದರೂ ಇಎಕ್ಸ್‌ಇ ಫೈಲ್ ಕಳಿಸಿದರೆ ಹಾಕ್ಕೋಬೇಡಿ. ಹಂಚಲೂಬೇಡಿ.

ಲಿನಕ್ಸ್ ಹುಡುಗ: ಇಷ್ಟೆಲ್ಲ ಯಾಕೆ? ಏರಿಯಾ2 ಹಾಕಿ, ಕಮಾಂಡ್‌ನಲ್ಲಿ ಓಡೋ ಡೌನ್‌ಲೋಡ್ ಮ್ಯಾನೇಜರ್, 16 ಕನೆಕ್ಷನ್.

ಐಡಿಎಂ ಅಭಿಮಾನಿ: ಏರಿಯಾ2ಗೆ ಪೋಸ್ಟ್ ಕಳಿಸೋಕೇ ಬರಲ್ಲ ಗುರು. ಗೊತ್ತಿಲ್ದೆ ಸುಮ್ನೆ ಹೇಳ್ಬೇಡ.

ಲಿನಕ್ಸ್ ಹುಡುಗ: ಸರಿ, ಡಬ್ಲ್ಯೂಗೆಟ್‌ಗೆ ಬರುತ್ತಲ್ಲ. ಐಡಿಎಂಗೆ (ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್) ದುಡ್ಡು ಕೊಡದೆ ಕ್ರ್ಯಾಕ್ ಹಾಕ್ಕೊಂಡು ಓಡಿಸೋರು ನಂಗೆ ಪಾಠ ಹೇಳೋದು ಬೇಡ.

ಐಡಿಎಂ ಅಭಿಮಾನಿ: ನಾನು ದುಡ್ಡು ಕೊಟ್ಟೇ ತಗೊಂಡಿದ್ದು. ರಸೀದಿ ತೋರಿಸ್ಲಾ?

ಮೇಡಂ: ಇಬ್ಬರೂ ಬೇರೆ ಕಡೆ ಜಗಳ ಆಡಿ.

ಶಿವಮೊಗ್ಗದ ಅಮ್ಮ: ಮೇಡಂ, ಮಗಳ ಫೀಸ್ ಕಟ್ಟಿದ ಮೇಲೆ ರಸೀದಿ ಪಿಡಿಎಫ್‌ನ ಮ್ಯಾನೇಜರ್ ಹಿಡಿದುಕೊಂಡಿತು. 'ರಿಟ್ರೈ' ಅಂತ ತೋರಿಸುತ್ತಲೇ ಇದೆ. ಬ್ಯಾಂಕ್‌ನಿಂದ ಎರಡು ಸಲ ದುಡ್ಡು ಹೋದ ಮೆಸೇಜ್ ಬಂದಿದೆ. ಇದರಿಂದಲೇ ಆಯ್ತಾ?

ಮೇಡಂ: ಮೊದಲು ಆ ಸಾಲನ್ನು ಮ್ಯಾನೇಜರ್ ಪಟ್ಟಿಯಿಂದಲೇ ಅಳಿಸಿ. ಸುಮ್ಮನೆ ನಿಲ್ಲಿಸಿಟ್ಟರೆ ಸಾಲದು, ಮತ್ತೆ ತಾನೇ ಶುರುವಾಗಬಹುದು. ಎರಡನೇ ಸಲ ಓಟಿಪಿ ಹಾಕಿದ್ದಿರಾ?

ಶಿವಮೊಗ್ಗದ ಅಮ್ಮ: ಹೌದು, ಪುಟ ಸುತ್ತುತ್ತಾ ನಿಂತಿತ್ತು. ಹಿಂದೆ ಹೋಗಿ ಮತ್ತೆ ಕಟ್ಟಿದೆ.

ಮೇಡಂ: ಹಾಗಾದರೆ ದುಡ್ಡು ಹೋಗಿದ್ದು ಅದರಿಂದ ಇರಬೇಕು. ಓಟಿಪಿಯನ್ನು ಮ್ಯಾನೇಜರ್ ಹಾಕಲಾರದು. ಎರಡೂ ಟ್ರಾನ್ಸಾಕ್ಷನ್ ನಂಬರ್ ಬರೆದುಕೊಂಡು ಇವತ್ತೇ ಕಾಲೇಜಿಗೂ ಬ್ಯಾಂಕಿಗೂ ಲಿಖಿತವಾಗಿ ಕೊಡಿ. ಆದರೆ ನಿಮ್ಮ ಭಯ ಸುಮ್ಮನೆ ಅಲ್ಲ. ಪೋಸ್ಟ್ ಮತ್ತೆ ಹೋದರೆ ಸರ್ವರ್ ಅದೇ ಕೆಲಸ ಮತ್ತೆ ಮಾಡಬಹುದು. ಅರ್ಜಿ ಎರಡಾಗಬಹುದು, ಬುಕಿಂಗ್ ಎರಡಾಗಬಹುದು. ಅಂಥ ಪುಟ ರಿಫ್ರೆಶ್ ಮಾಡಿದರೆ ಬ್ರೌಸರ್ 'ಫಾರ್ಮ್ ಮತ್ತೆ ಕಳಿಸಲಾ' ಅಂತ ಕೇಳುವುದು ಅದಕ್ಕೇ. ಮ್ಯಾನೇಜರ್ ಹಾಗೆ ಕೇಳುತ್ತದೆ ಅಂತ ನಂಬಬೇಡಿ. ದುಡ್ಡು, ಅರ್ಜಿ, ಪರೀಕ್ಷೆ ತಾಣಗಳಿಗೆ ಅದರ ಎಕ್ಸ್‌ಟೆನ್ಷನ್ ಆಫ್ ಮಾಡಿಡಿ. ರಸೀದಿ ನೂರು ಕೆಬಿಯದ್ದು, ಬ್ರೌಸರ್ ಸಾಕು.

ಸೈಬರ್ ಸೆಂಟರ್: ಮೇಡಂ ಕರ್ಲ್ ಕಾಪಿ ಮಾಡಿದೆ, ಓಡ್ತಿಲ್ಲ. ಪೂರ್ತಿ ಇಲ್ಲೇ ಹಾಕಿದ್ದೀನಿ, ಸರಿ ಮಾಡಿ ಕೊಡಿ. *(ಈ ಸಂದೇಶವನ್ನು ಅಡ್ಮಿನ್ ಅಳಿಸಿದ್ದಾರೆ)*

ಮೇಡಂ: ಅಡ್ಮಿನ್, ಥ್ಯಾಂಕ್ಸ್. ಅದರಲ್ಲಿ ನಿಮ್ಮ ಲಾಗಿನ್ ಕುಕಿ ಇತ್ತು ಮಹಾರಾಯರೇ! ಅದು ಸಿಕ್ಕವರು ಪಾಸ್‌ವರ್ಡ್ ಇಲ್ಲದೆ ನೀವಾಗಿ ಒಳಗೆ ಹೋಗಬಹುದು. ಈಗಲೇ ಆ ತಾಣದಿಂದ ಲಾಗೌಟ್ ಆಗಿ, ಪಾಸ್‌ವರ್ಡೂ ಬದಲಿಸಿ. ಗಿರಾಕಿಯ ಖಾತೆ ಆಗಿದ್ದರೆ ಅವರಿಗೂ ತಿಳಿಸಿ.

ಗುಡ್ ಮಾರ್ನಿಂಗ್ ಅಂಕಲ್: ಇನ್ನೊಂದು ಬಂದಿದೆ 🙏 *ಯೂಸರ್‌ನೇಮ್, ಪಾಸ್‌ವರ್ಡ್ ಎಲ್ಲ ವಿಳಾಸದ ಕೊನೆಗೆ ಸೇರಿಸಿದರೆ ಪೋಸ್ಟ್ ಗೆಟ್ ಆಗುತ್ತದೆ.*

ಮೇಡಂ: ಬೇಡ. ಪಾಸ್‌ವರ್ಡ್ ಹಿಸ್ಟರಿಯಲ್ಲಿ, ಸರ್ವರ್ ಲಾಗ್‌ನಲ್ಲಿ ಕೂತುಬಿಡುತ್ತದೆ. ಇನ್ನು ಫಾರ್ವರ್ಡ್‌ಗಳಿಗೆ ನಾನು ಉತ್ತರ ಕೊಡುವುದಿಲ್ಲ.

ದಾವಣಗೆರೆ ಬೆಣ್ಣೆ: ಫೋನ್‌ನಲ್ಲಿ??

ಲಿನಕ್ಸ್ ಹುಡುಗ: ರಸೀದಿ ಇನ್ನೂ ಬಂದಿಲ್ಲ 😄

ಕಾಲೇಜು ಮೇಷ್ಟ್ರು: ಮೇಡಂ, 302 ಇತ್ತು! ಗೆಟ್ ವಿಳಾಸ ಕೊಟ್ಟೆ, ತುಂಡು ತುಂಡಾಗಿ ಚೆನ್ನಾಗಿ ಇಳಿಯಿತು. ಅರ್ಧ ಆಗಿ ಕರೆಂಟ್ ಹೋಯಿತು. ಬೆಳಿಗ್ಗೆ ಮುಂದುವರಿಸಿದರೆ 403, ಅನುಮತಿ ಇಲ್ಲ ಅಂತ.

ಮೇಡಂ: ಆ ವಿಳಾಸದ ಅವಧಿ ಮುಗಿದಿರಬೇಕು. ಫಾರ್ಮ್ ಮತ್ತೆ ತುಂಬಿ, ಹೊಸ ಗೆಟ್ ವಿಳಾಸ ತಗೊಂಡು, ಮ್ಯಾನೇಜರ್‌ನ ಹಳೇ ಸಾಲಿನಲ್ಲೇ ವಿಳಾಸ ಬದಲಿಸಿ. ಐಡಿಎಂ ಆದರೆ 'ರಿಫ್ರೆಶ್ ಡೌನ್‌ಲೋಡ್ ಅಡ್ರೆಸ್' ಇದೆ. ಅದಕ್ಕೂ ಮೊದಲು ಹೊಸ ಫೈಲಿನ ಗಾತ್ರ ಹಳೆಯದಕ್ಕೆ ಬೈಟ್‌ವರೆಗೂ ಹೊಂದುತ್ತದಾ ನೋಡಿ. ಸರ್ವರ್ ಪ್ರತಿ ಸಲ ಜಿಪ್ ಹೊಸದಾಗಿ ಕಟ್ಟುತ್ತಿದ್ದರೆ ಅರ್ಧ ಹಳೇದು ಅರ್ಧ ಹೊಸದು ಸೇರಿ ಕೆಡುತ್ತದೆ. ಗಾತ್ರ ಬೇರೆ ಇದ್ದರೆ ಅಳಿಸಿ ಮೊದಲಿಂದ ಹಾಕಿ. ಒಂದೇ ಇದ್ದರೂ ಇಳಿದ ಮೇಲೆ ಜಿಪ್ ಟೆಸ್ಟ್ ಮಾಡಿಯೇ ಬಳಸಿ.