ಸಹಾಯ ಬೇಕು: ಪುಣೆಯ ವಾಘೋಲಿ ಕಡೆ ಟಿಬಿ ಔಷಧ, ರೇಷನ್ ಬಗ್ಗೆ ಗೊತ್ತಿದ್ದೋರು ಯಾರರ ಇದ್ದೀರೇನು?

ಎಲ್ಲಾರಿಗೂ ನಮಸ್ಕಾರ್ರಿ. ವಾಘೋಲಿಯಾಗ ಗೌಂಡಿ ಕೆಲಸ ಮಾಡೋ ಸುರಪುರ ತಾಲ್ಲೂಕಿನ ಒಂದು ಕುಟುಂಬದ ಸಲುವಾಗಿ ಬರೀಲಿಕ್ಕತ್ತೀನಿ. ಯಜಮಾನಗ ಟಿಬಿ. ಊರಾಗ ಎರಡು ತಿಂಗಳು ಗುಳಿಗಿ ತಗೊಂಡಾನ, ಇಲ್ಲಿ ಬಂದಮ್ಯಾಲೆ ನಿಂತಾವ. ನಡುವ ಬಿಟ್ರ ಔಷಧಕ್ಕ ಬಗ್ಗದ ಟಿಬಿ ಆಗಬಹುದು, ಅದಕ್ಕ ಜೀವ ತಳಮಳಸಲಿಕ್ಕತ್ತದ. ಹೆಸರು ಇಲ್ಲಿಗೆ ವರ್ಗ ಮಾಡಸ್ಲಿಕ್ಕೆ ಯಾವ ದವಾಖಾನಿಗೆ ಹೋಗಬೇಕು? ಟಿಬಿ ಇದ್ದೋರ ಊಟಕ್ಕಂತ ಸರ್ಕಾರ ಕೊಡೋ ನಿಕ್ಷಯ್ ಪೋಷಣ್ ಯೋಜನೆಯ ತಿಂಗಳ 1000 ರೂಪಾಯಿನೂ ಬಂದಿಲ್ಲ.

ರೇಷನ್ ಕಾರ್ಡ್ ಊರಿಂದು. ಒಂದು ದೇಶ ಒಂದು ರೇಷನ್ ಕಾರ್ಡ್ ಅಡಿ ತಲಾ 5 ಕೆಜಿ ಧಾನ್ಯ ಪುಣೆಯಾಗೂ ಸಿಗಬೇಕು. ಆದ್ರ ಸಿಮೆಂಟಿಗೆ ಸವೆದ ಬೆರಳು ರೇಷನ್ ಅಂಗಡಿ ಮಷೀನಿನಾಗ ಹತ್ತವಲ್ದು. ಆ ಮನಿ ಅಕ್ಕ ಎರಡು ಸಲ ಕೂಲಿ ಬಿಟ್ಟು ಹೋಗಿ ಬರಿಗೈಲೆ ಬಂದಾಳ.

ಚಲೋ ಮರಾಠಿ ಬರೋರು ಒಬ್ಬರು ಜೋಡಿ ಬರ್ರಿ. ನಾನೂ ರಜಾ ಹಾಕ್ತೀನಿ.