ರೆಕಾರ್ಡ್ ಪ್ಲೇಯರ್ ಸೂಜಿ: ರಿಪೇರಿ ಸರ್ ಜತೆ ಪ್ರಶ್ನೋತ್ತರ

ಅಡ್ಮಿನ್: ಹುಬ್ಬಳ್ಳಿಯಲ್ಲಿ ಪ್ಲೇಯರ್ ರಿಪೇರಿ ಮಾಡುವ ಸರ್ ಇವತ್ತು ಸಂಜೆ ಗುಂಪಿನಲ್ಲಿ ಇರುತ್ತಾರೆ. ಸೂಜಿ, ಅದನ್ನು ಹಿಡಿದಿರುವ ಕಾರ್ಟ್ರಿಜ್ ಬಗ್ಗೆ ಕೇಳಿ. ಮಾಡೆಲ್ ಬರೆಯಲು ಮರೆಯಬೇಡಿ.

ವಿದ್ಯಾನಗರ: ನಮಸ್ಕಾರ ಸರ್. ಆರ್ಟೋಫಾನ್ 2ಎಂ ರೆಡ್ ಕಾರ್ಟ್ರಿಜ್ ಇದೆ. ಎಲ್‌ಪಿಯ ಕೊನೆಯ ಹಾಡಿನಲ್ಲಿ ಸ, ಶ ಒಡೆದು ಕೇಳುತ್ತವೆ. ಪೂರ್ತಿ ಕಾರ್ಟ್ರಿಜ್ ಬದಲಿಸಬೇಕಾ?

ರಿಪೇರಿ ಸರ್: ನಮಸ್ಕಾರ. ಬೇಡ. 2ಎಂ ಬ್ಲೂ ಸೂಜಿ ಅದೇ ಕಾರ್ಟ್ರಿಜ್‌ಗೆ ಕೂರುತ್ತದೆ. ಸೂಜಿ ಎಲ್‌ಪಿಯನ್ನು ಒತ್ತುವ ಭಾರ ಎರಡಕ್ಕೂ 1.8 ಗ್ರಾಂ. ಆದರೆ ಮೊದಲು ಅಲೈನ್‌ಮೆಂಟ್ ನೋಡಿ. ಕಾರ್ಟ್ರಿಜ್ ಸೊಟ್ಟ ಕೂತಿದ್ದರೆ ಬ್ಲೂ ಹಾಕಿದರೂ ಅದೇ ಗೋಳು.

ಗದಗ: ಸರ್, ಸೂಜಿ ಎಷ್ಟು ದಿನ ಬಾಳುತ್ತದೆ?

ರಿಪೇರಿ ಸರ್: ಗಂಟೆ ಲೆಕ್ಕ ಇಡಿ. ಆಡಿಯೋ-ಟೆಕ್ನಿಕಾ ಹೇಳುವಂತೆ ಗುಂಡು ತುದಿಗೆ 500 ಗಂಟೆ, ಎಲಿಪ್ಟಿಕಲ್ (ಮೊಟ್ಟೆಯಾಕಾರದ) ತುದಿಗೆ 300, ಮೈಕ್ರೋಲೀನಿಯರ್ (ತೀರಾ ಸಪೂರ ಅಂಚಿನ) ತುದಿಗೆ 1000.

ಮಾಳಮಡ್ಡಿ: ಸರ್, ನಮ್ಮ ಅಜ್ಜ ಇಟ್ಟಿದ್ದ 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೇ ಪ್ಲೇಟುಗಳಿವೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ್ ಅವರದು. ಆಡಿಯೋ-ಟೆಕ್ನಿಕಾ ಎಲ್‌ಪಿ120ಎಕ್ಸ್ ಪ್ಲೇಯರ್ ತಂದಿದ್ದೇನೆ. ಬರೀ ಸರಸರ ಸದ್ದು. ಮೈಕ್ರೋಲೀನಿಯರ್ ಸೂಜಿ ಹಾಕಿದರೆ ಸರಿ ಹೋಗುತ್ತಾ? ಸ್ಪಿರಿಟ್ ಹಚ್ಚಿ ಒರೆಸಿ ಅಂತ ಒಂದು ಫಾರ್ವರ್ಡ್ ಬಂದಿದೆ. ಒರೆಸಲಾ?

ರಿಪೇರಿ ಸರ್: ಸ್ಪಿರಿಟ್ ಬಾಟಲಿ ದೂರ ಇಡಿ! ಆ ಪ್ಲೇಟುಗಳಲ್ಲಿ ಇರುವುದು ಅರಗು. ಬಡಗಿ ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್‌ನಲ್ಲೇ ಕರಗಿಸುತ್ತಾನೆ. ನೀವು ಒರೆಸಿದರೆ ಹಾಡೇ ಬಟ್ಟೆಗೆ ಹತ್ತಿಕೊಂಡು ಬರುತ್ತದೆ. ಸ್ಯಾನಿಟೈಸರ್ ಕೂಡ ಬೇಡ. ಡಿಸ್ಟಿಲ್ಡ್ ವಾಟರ್, ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಬಟ್ಟೆ, ಅಷ್ಟು ಸಾಕು. ಲೇಬಲ್ ನೆನೆಯಬಾರದು. ನೀರಲ್ಲಿ ಮುಳುಗಿಸಬೇಡಿ, ತಕ್ಷಣ ಒಣಗಿಸಿ.

ಈಗ ಸೂಜಿ. ಮೈಕ್ರೋಲೀನಿಯರ್ ಎಲ್‌ಪಿಗೆ ಬಹಳ ಒಳ್ಳೆಯದು, 78ಕ್ಕೆ ಅಲ್ಲ. 78ರ ಗೆರೆ ಅಗಲ. ಅದಕ್ಕೆ ಸುಮಾರು 3 ಮಿಲ್ ತುದಿ ಬೇಕು. ಮಿಲ್ ಅಂದರೆ ಇಂಚಿನ ಸಾವಿರದಲ್ಲಿ ಒಂದು ಪಾಲು. ನಿಮ್ಮ ಪ್ಲೇಯರ್ ಜತೆ ಬಂದ ವಿಎಂ95ಇ ಸೂಜಿಯ ತುದಿ 0.3 ಬೈ 0.7 ಮಿಲ್. ಅದು ಗೋಡೆ ಹಿಡಿಯದೆ ಗೆರೆಯ ತಳಕ್ಕೆ ಇಳಿಯುತ್ತದೆ. ಅಲ್ಲಿರುವುದು ಧೂಳು, ಹಳೇ ಉಕ್ಕಿನ ಸೂಜಿ ತೇಯ್ದ ಪುಡಿ. ಸರಸರ ಅದರದ್ದೇ.

ಅದೇ ಕಾರ್ಟ್ರಿಜ್‌ಗೆ ಕೂರುವ 78ರ ಸೂಜಿ ವಿಎಂ95ಎಸ್‌ಪಿ ತರಿಸಿ. ಕಾರ್ಟ್ರಿಜ್ ಬಿಚ್ಚುವ ಕೆಲಸವೇ ಇಲ್ಲ. ಭಾರ ಮಾತ್ರ 2 ಗ್ರಾಂ ಇದ್ದದ್ದು 5 ಗ್ರಾಂ ಆಗಬೇಕು. ಡಯಲ್ ನಂಬಬೇಡಿ, ಭಾರ ಅಳೆಯುವ ಗೇಜ್ ಇಟ್ಟು ನೋಡಿ. ಎಲ್‌ಪಿ ಹಾಕುವ ಮುಂಚೆ ಸೂಜಿ, ಭಾರ ಎರಡನ್ನೂ ವಾಪಸ್ ಬದಲಿಸಿ. ಆಂಪ್ಲಿಫೈಯರ್‌ನಲ್ಲಿ ಮೋನೋ ಸ್ವಿಚ್ ಇದ್ದರೆ ಒತ್ತಿ. 78ರಲ್ಲಿ ಹಾಡು ಅಡ್ಡ ಅಲುಗಾಟದಲ್ಲಿದೆ. ಮೇಲೆ ಕೆಳಗೆ ಅಲುಗುವುದೆಲ್ಲ ಗಲಾಟೆ, ಮೋನೋದಲ್ಲಿ ಅದು ಕಳೆದು ಹೋಗುತ್ತದೆ.

ಗಂಗೂಬಾಯಿ ಅವರ ಗಂಟಲ ಆಪರೇಷನ್ ಆದ ಮೇಲೆ ದನಿ ಗಡುಸಾಯಿತು. ಅದಕ್ಕೂ ಮುಂಚಿನ ಎಳೆ ದನಿ 78ರ ಪ್ಲೇಟಿನಲ್ಲಿದೆ. ದಯವಿಟ್ಟು ಹಾಳು ಮಾಡಬೇಡಿ.

ಕೇಶ್ವಾಪುರ: ಇಷ್ಟೆಲ್ಲ ಯಾಕ್ರೀ? ಯೂಟ್ಯೂಬ್‌ನಲ್ಲಿ ಸಿಗುತ್ತಲ್ಲ.

ಸಪ್ತಾಪುರ: ಯಾರೋ ಒಬ್ಬರು ಪ್ಲೇಟು ಸರಿಯಾಗಿ ಬಾರಿಸಿ ಏರಿಸಿದ್ದಕ್ಕೆ ಅಲ್ಲಿ ಸಿಗುತ್ತದೆ.

ಕೇಶ್ವಾಪುರ: ಏರಿಸಿ ಆಯ್ತಲ್ಲ? ಸುಮ್ನೆ ದುಡ್ಡು ದಂಡ.

ಸಪ್ತಾಪುರ: ಎಲ್ಲಾ ಪ್ಲೇಟು ಏರಿಸಿದ್ದಾರೆ ಅಂತ ಎಣಿಸಿ ಬಂದಿದ್ದೀರಾ? ಮಾಳಮಡ್ಡಿಯವರ ಮನೆಯಲ್ಲಿರುವುದು ನಿಮಗೇನು ಗೊತ್ತು?

ನವಲಗುಂದ: ಸರ್, ಹಳೇ ಪ್ಲೇಯರ್ ಬೆಲ್ಟ್ ಎಲ್ಲಿ ಸಿಗುತ್ತದೆ?

ಕೇಶ್ವಾಪುರ: ಗೊತ್ತಿಲ್ಲ, ಬಿಡ್ರಿ. ಗುಂಪು ನಿಮ್ಮದೇ ಅಲ್ವಾ.

ಹಾವೇರಿ: ಸೂಜಿ ಎಷ್ಟು ದಿನ ಬಾಳುತ್ತೆ ಸರ್?

ರಿಪೇರಿ ಸರ್: ಮೇಲೆ ಓದಿ.

ರಾಣೆಬೆನ್ನೂರು: ಎಲ್‌ಪಿ ಜಿಗಿಯುತ್ತಿದೆ. ಸೂಜಿ ಇರುವ ಹೆಡ್ ಮೇಲೆ ಒಂದು ರೂಪಾಯಿ ನಾಣ್ಯ ಇಡಿ ಅಂತ ವಿಡಿಯೋ ಬಂದಿದೆ. (ಫಾರ್ವರ್ಡ್)

ರಿಪೇರಿ ಸರ್: ಆ ನಾಣ್ಯವೇ 3 ಗ್ರಾಂ ಮೇಲಿದೆ. 2 ಗ್ರಾಂ ಸೂಜಿಯ ಮೇಲೆ 5 ಗ್ರಾಂ ಹೇರಿದರೆ ಸೂಜಿ ಹೋಗುತ್ತದೆ, ಎಲ್‌ಪಿಯೂ ಹೋಗುತ್ತದೆ. 78ಕ್ಕೆ ಹೇಳಿದ 5 ಗ್ರಾಂ ಬೇರೆ ಸೂಜಿಯ ಲೆಕ್ಕ. ಇಂಥ ವಿಡಿಯೋ ಇಲ್ಲಿ ಹಾಕಬೇಡಿ. ಮಾಡೆಲ್ ಯಾವುದು?

ರಾಣೆಬೆನ್ನೂರು: ಕಪ್ಪು ಬಣ್ಣದ್ದು ಸರ್.

ಸಪ್ತಾಪುರ: ಡೆನಾನ್ ಡಿಎಲ್-103 ಕಾರ್ಟ್ರಿಜ್‌ಗೆ ಬೇರೆ ಸೂಜಿ ಹಾಕಬಹುದಾ?

ರಿಪೇರಿ ಸರ್: ಇಲ್ಲ. ಅದು ಮೂವಿಂಗ್ ಕಾಯಿಲ್, ಅಂದರೆ ಸೂಜಿಯ ಜತೆ ತಂತಿ ಸುರುಳಿಯೇ ಅಲುಗುವಂಥದ್ದು. ಸೂಜಿ ಕೈಯಲ್ಲಿ ಬಿಚ್ಚಲು ಬರುವುದಿಲ್ಲ.

ನವಲಗುಂದ: ಬೆಲ್ಟ್ ಕೇಳಿ ಆಗಲೇ ಎಷ್ಟು ಹೊತ್ತಾಯ್ತು. ಎಲ್ಲರಿಗೂ ಉತ್ತರ ಇದೆ, ನಮಗಿಲ್ಲ.

ಹುಬ್ಬಳ್ಳಿ ಗೋಕುಲ ರೋಡ್: ಸೂಜಿ ಎಷ್ಟು ದಿನ…

ರಿಪೇರಿ ಸರ್: ಮೂರನೇ ಸಲ. ಓದದವರಿಗೆ ನಾನು ಬರೆಯುವುದಿಲ್ಲ.

ಮಾಳಮಡ್ಡಿ: ಸರ್, ಎಸ್‌ಪಿ ಸೂಜಿಗೆ ಆರ್ಡರ್ ಹಾಕಿದೆ. ಅಲ್ಲಿವರೆಗೆ ಈಗಿನ ಸೂಜಿಯಲ್ಲೇ ಒಂದೆರಡು ಕೇಳಲಾ?

ರಿಪೇರಿ ಸರ್: ಬೇಡ. ಗೆರೆಯ ತಳದಲ್ಲಿ ಓಡಿ ಎಲ್‌ಪಿ ಸೂಜಿಯ ತುದಿಯೇ ಹಾಳಾಗುತ್ತದೆ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಇವತ್ತೇ ತೆಗೆದು ನೆಟ್ಟಗೆ ನಿಲ್ಲಿಸಿ. ಸೂಜಿ ಬಂದ ದಿನ ಪ್ಲೇಯರ್ ಸಮೇತ ಅಂಗಡಿಗೆ ಬನ್ನಿ, ಭಾರ ನಾನೇ ಇಟ್ಟು ಕೊಡುತ್ತೇನೆ.